ನಾನು ಎರಡು ವಾಯುಪಡೆಗಳನ್ನು ಹೋಲಿಸಿದ ಬಗೆ

ಅಕ್ಕನ ಮಗ ಮೊಬೈಲಿಗೆ ಒಂದು ಚಿತ್ರ ಕಳಿಸಿದ. ಎಡಗಡೆ ನಮ್ಮ ಬಾವುಟ, ಬಲಗಡೆ ಪಾಕಿಸ್ತಾನದ್ದು. ನಮ್ಮದು ಸುಮಾರು 2,200 ವಿಮಾನ, ಅವರದು ಸುಮಾರು 1,400. ಕೆಳಗೆ ಅವನ ಪ್ರಶ್ನೆ: 'ಮಾವ, ನಾವೇ ಜಾಸ್ತಿ ಅಲ್ವಾ?'

ಹೌದು ಅಂತ ಒಂದು ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ ಮುಗಿಸಿ, ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟು ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದವನು ನಾನು. ವಿಮಾನ ಇರೋದು ಬೇರೆ, ಹಾರೋದು ಬೇರೆ ಅಂತ ಕೈಯಾರೆ ಕಂಡಿದ್ದೇನೆ. ಅದೇ ವಾರ ನಮ್ಮೂರಿನ ಕಾಲೇಜಿನಿಂದ ಫೋನ್ ಬಂತು. ಎನ್‌ಸಿಸಿ ಮಕ್ಕಳಿಗೆ ಇದೇ ವಿಷಯ ಒಂದು ಗಂಟೆ ಹೇಳಬೇಕಂತೆ. ಒಪ್ಪಿಕೊಂಡೆ. ಉದ್ದದ ನೋಟ್‌ಬುಕ್ ಒಂದನ್ನು ತಂದು ಮೂರು ವಾರ ಕೂತೆ.

ಮೊದಲು ಆ 2,200 ಅನ್ನೋ ಸಂಖ್ಯೆಯನ್ನು ಬಿಡಿಸಿದೆ. ಅದರಲ್ಲಿ ಹೆಲಿಕಾಪ್ಟರ್ ಇವೆ, ಸರಕು ಸಾಗಿಸುವ ವಿಮಾನಗಳಿವೆ, ಹೊಸ ಹುಡುಗರು ಹಾರಲು ಕಲಿಯುವ ವಿಮಾನಗಳಿವೆ. ಭೂಸೇನೆ, ನೌಕಾಪಡೆಯವೂ ಸೇರಿವೆ. ಅವರ 1,400 ಕೂಡ ಹಾಗೇ. ಅವನ್ನೆಲ್ಲ ತೆಗೆದು ಕಾದಾಡುವ ವಿಮಾನಗಳನ್ನು ಮಾತ್ರ ಉಳಿಸಿಕೊಂಡೆ. ನಮಗೆ ಮಂಜೂರಾಗಿರೋದು 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ 42 ತಂಡ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳನ್ನು ಬೀಳ್ಕೊಟ್ಟ ಮೇಲೆ ಉಳಿದದ್ದು 29. ಒಂದೊಂದರಲ್ಲಿ 16ರಿಂದ 18 ವಿಮಾನ ಅಂತ ಹಿಡಿದರೆ ಸುಮಾರು 500. ಪಾಕಿಸ್ತಾನದ್ದು 400ರ ಆಸುಪಾಸು. 800 ವಿಮಾನಗಳ ಅಂತರ ಒಂದೇ ಸಂಜೆಯಲ್ಲಿ 100ಕ್ಕೆ ಇಳಿಯಿತು.

ಎರಡನೇ ಕಾಲಂಗೆ ನಾನು ಕೊಟ್ಟ ಹೆಸರು 'ಇವತ್ತು ಬೆಳಿಗ್ಗೆ ಹಾರುತ್ತಾ?' ನೋಟ್‌ಬುಕ್ಕಿನಲ್ಲಿ ನನಗೆ ಬಹಳ ಮುಖ್ಯವಾದ ಕಾಲಂ ಅದು.

ಬೆಳಕು ಹರಿಯುವ ಮುಂಚೆ ನಾವೆಲ್ಲ ಸಾಲಾಗಿ ನಿಂತು ಟಾರ್ಮ್ಯಾಕ್, ಅಂದರೆ ವಿಮಾನ ನಿಲ್ಲುವ ನೆಲದ ಮೇಲೆ ತಲೆ ಬಗ್ಗಿಸಿ ನಡೆಯುತ್ತಿದ್ದೆವು. ಸಣ್ಣ ಕಲ್ಲು, ತಂತಿ ಚೂರು, ಬಿದ್ದ ಸ್ಕ್ರೂ ಹೆಕ್ಕುವ ಕೆಲಸ. ಎಂಜಿನ್ ಒಳಗೆ ಒಂದು ಚೂರು ಹೋದರೂ ಬ್ಲೇಡ್ ಹಾಳು. ಆಮೇಲೆ ವಿಮಾನದ ಹೊಟ್ಟೆಯ ಕೆಳಗೆ ಟಾರ್ಚ್ ಹಿಡಿದು ಮಲಗಬೇಕು. ಒಂದು ದಿನ ಚಕ್ರದ ಕಾಲಿನ ಹತ್ತಿರ ಹೈಡ್ರಾಲಿಕ್ ಎಣ್ಣೆ ಜಿನುಗುತ್ತಿತ್ತು. ಬೆರಳಿಗೆ ಅಂಟುವಷ್ಟೇ, ತೊಟ್ಟಿಕ್ಕುತ್ತಲೂ ಇರಲಿಲ್ಲ. ಬೇಕಾಗಿದ್ದದ್ದು ಬಳೆಯಷ್ಟು ಅಗಲದ ಒಂದು ರಬ್ಬರ್ ಸೀಲ್. ಅದು ಸ್ಟೋರಿನಲ್ಲಿ ಇರಲಿಲ್ಲ. ಹ್ಯಾಂಗರಿನಲ್ಲಿ ರಿಪೇರಿಗೆ ನಿಂತಿದ್ದ ಇನ್ನೊಂದು ವಿಮಾನದಿಂದ ಬಿಚ್ಚಿ ತಂದು ಹಾಕಿದೆವು. ಇದು ಹಾರಿತು. ಅದು ಇನ್ನೊಂದು ತಿಂಗಳು ನಿಂತಲ್ಲೇ ನಿಂತಿತು. ಪಟ್ಟಿ ಮಾಡುವವರ ಲೆಕ್ಕದಲ್ಲಿ ಮಾತ್ರ ಅವು ಎರಡು ವಿಮಾನ.

ಹಾಗಾಗಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹುಡುಕಿದೆ. ಸುಖೋಯ್-30 ವಿಮಾನಗಳಲ್ಲಿ ನೂರಕ್ಕೆ 75 ಹಾರಾಟಕ್ಕೆ ಸಿದ್ಧ ಇರಬೇಕು ಅನ್ನೋದು ನಿಯಮ. 2015ರ ವರದಿಯ ಪ್ರಕಾರ ಸಿದ್ಧ ಇದ್ದದ್ದು 55ರಿಂದ 60. ಈ ಕಷ್ಟ ನಮ್ಮದು ಮಾತ್ರ ಅಲ್ಲ. 1990ರಲ್ಲಿ ಅಮೆರಿಕ, ಅಣುಬಾಂಬಿನ ಕಾರಣಕ್ಕೆ ಪಾಕಿಸ್ತಾನಕ್ಕೆ ನೆರವು ನಿಲ್ಲಿಸುವ ಪ್ರೆಸ್ಲರ್ ತಿದ್ದುಪಡಿಯನ್ನು ಜಾರಿಗೆ ತಂದಾಗ ಪಾಕಿಸ್ತಾನಕ್ಕೆ ಹೋಗಬೇಕಿದ್ದ ಎಫ್-16ಗಳು ದುಡ್ಡು ಕಟ್ಟಿದ್ದರೂ ಅರಿಜೋನಾದ ಮರುಭೂಮಿಯಲ್ಲಿ ನಿಂತುಬಿಟ್ಟವು. ಮೊದಲೇ ತಂದಿದ್ದವಕ್ಕೂ ಬಿಡಿಭಾಗದ ತೊಂದರೆ ಬಂತು. ಅವರು ಬೇರೆ ದೇಶಗಳು ಬಿಟ್ಟ ಹಳೇ ಮಿರಾಜ್ ಯುದ್ಧವಿಮಾನಗಳನ್ನು ಕೊಂಡು ತಮ್ಮ ಕಾಮ್ರಾದ ಕಾರ್ಖಾನೆಯಲ್ಲಿ ಬಿಚ್ಚಿ ಜೋಡಿಸಿ ಇವತ್ತಿಗೂ ಓಡಿಸುತ್ತಿದ್ದಾರೆ. ಆ ಕೆಲಸದ ಹಿಂದೆ ಎಷ್ಟು ದುಡಿಮೆ ಇದೆ ಅಂತ ಗೊತ್ತಿರುವ ನನಗೆ ಅದನ್ನು ಹಗುರವಾಗಿ ತಗೊಳ್ಳೋಕೆ ಆಗಲ್ಲ. ನಾವೂ ನಮ್ಮ ಹಳೇ ಜಾಗ್ವಾರ್ ಯುದ್ಧವಿಮಾನ ಓಡಿಸಲು ಫ್ರಾನ್ಸ್, ಒಮಾನ್ ಕೈಬಿಟ್ಟ ವಿಮಾನಗಳನ್ನು ಬಿಡಿಭಾಗಕ್ಕೆಂದು ತರಿಸಿಕೊಂಡಿದ್ದೇವೆ.

ಮೂರನೆಯದು ಕಣ್ಣಿನ ಕಾಲಂ. ಯಾರು ಮೊದಲು ನೋಡುತ್ತಾರೆ, ಎಷ್ಟು ದೂರದಿಂದ ಹೊಡೆಯುತ್ತಾರೆ ಅನ್ನೋದು. ಫ್ರಾನ್ಸಿನಿಂದ ನಾವು ಕೊಂಡ 36 ರಫೇಲ್ ಯುದ್ಧವಿಮಾನಗಳಿಗೆ ಮೀಟಿಯರ್ ಕ್ಷಿಪಣಿ ಇದೆ. ಪಾಕಿಸ್ತಾನ 2022ರಲ್ಲಿ ಚೀನಾದಿಂದ ಜೆ-10ಸಿ ಯುದ್ಧವಿಮಾನ ತಂದಿತು, ಅದರ ಜೊತೆ ಪಿಎಲ್-15 ಕ್ಷಿಪಣಿ. ಇಬ್ಬರೂ ಕಣ್ಣಿಗೆ ಕಾಣದ ದೂರದಿಂದ ಹೊಡೆಯಬಲ್ಲರು. ಆಕಾಶದಲ್ಲೇ ನಿಂತು ದೂರಕ್ಕೆ ನೋಡುವ ರಾಡಾರ್ ವಿಮಾನಗಳ ಸಾಲಿನಲ್ಲಿ ನನಗೆ ಬೇಸರವಾಯಿತು. ಇಸ್ರೇಲಿ ರಾಡಾರ್ ಹೊತ್ತ ದೊಡ್ಡ ವಿಮಾನ ನಮ್ಮ ಹತ್ತಿರ ಮೂರೇ ಇವೆ. ಬೆಂಗಳೂರಿನಲ್ಲೇ ಡಿಆರ್‌ಡಿಒದವರು ಸಿದ್ಧಪಡಿಸಿದ ನೇತ್ರ ಬಹಳ ಒಳ್ಳೆಯದು, ಆದರೆ ಕೆಲವೇ ಇವೆ. ಸ್ವೀಡನ್ನಿನ ಎರಿಐ ರಾಡಾರ್ ಇಟ್ಟುಕೊಂಡಿರುವ ಪಾಕಿಸ್ತಾನ ಈ ಸಾಲಿನಲ್ಲಿ ನಮಗಿಂತ ಮುಂದಿದೆ. ಹಾಗೇ ಬರೆದೆ. ಇಷ್ಟವಿಲ್ಲದ್ದನ್ನು ಬರೆಯದೆ ಬಿಟ್ಟರೆ ಲೆಕ್ಕ ಯಾಕೆ ಹಾಕಬೇಕು?

'ಎಲ್ಲಿದೆ' ಅನ್ನೋ ಕಾಲಂ ಆಮೇಲೆ ಸೇರಿಸಿದ್ದು. ಪಾಕಿಸ್ತಾನದ ವಿಮಾನಗಳಲ್ಲಿ ಹೆಚ್ಚಿನವು ನಮ್ಮ ಕಡೆಗೇ ಮುಖ ಮಾಡಿವೆ. ನಮ್ಮ ರಫೇಲ್‌ನಲ್ಲಿ ಅಂಬಾಲಾದ್ದು ಒಂದು ಸ್ಕ್ವಾಡ್ರನ್, ಇನ್ನೊಂದು ಬಂಗಾಳದ ಹಾಸಿಮಾರಾದಲ್ಲಿ, ಚೀನಾ ಕಡೆಗೆ. 500ರಲ್ಲಿ ಪಶ್ಚಿಮಕ್ಕೆ ಎಷ್ಟು ಸಿಗುತ್ತೆ ಅಂತ ಕೇಳಿಕೊಳ್ಳಲೇಬೇಕು. ಜಾಗದ ಮಾತು ಬಂದಾಗ ನನಗೆ ನೆನಪಾಗೋದು 1971ರ ಢಾಕಾ. ಪೂರ್ವದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, ಪಾಕಿಸ್ತಾನಕ್ಕೆ ಸೇಬರ್ ವಿಮಾನಗಳ ಒಂದು ಸ್ಕ್ವಾಡ್ರನ್ ಇತ್ತು. ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಮಿಗ್-21ಗಳು ಢಾಕಾದ ತೇಜ್‌ಗಾಂವ್ ರನ್‌ವೇಗೆ ಬಾಂಬು ಹಾಕಿ ಗುಂಡಿ ತೋಡಿದವು. ಉಳಿದ ಸೇಬರ್‌ಗಳು ನಿಂತಲ್ಲೇ ನಿಂತವು. ಕಾಗದದ ಮೇಲೆ ಸ್ಕ್ವಾಡ್ರನ್ ಇತ್ತು, ಹಾರಲು ನೆಲವಿರಲಿಲ್ಲ.

ಎರಡೂ ದೇಶ ಕಾದಾಡಿದ 2025ರ ಮೇ ತಿಂಗಳ ನಾಲ್ಕು ದಿನಗಳಿಗೆ ಒಂದು ಪುಟ ಬಿಟ್ಟಿದ್ದೆ. ಪಾಕಿಸ್ತಾನದ ಐದು ಯುದ್ಧವಿಮಾನ, ಒಂದು ದೊಡ್ಡ ವಿಮಾನ ಕೆಡವಿದೆವು ಅಂತ ನಮ್ಮ ವಾಯುಪಡೆ ಮುಖ್ಯಸ್ಥರು ಆಗಸ್ಟ್ 9ರಂದು ಬೆಂಗಳೂರಿನಲ್ಲೇ ಹೇಳಿದರು. ಪಾಕಿಸ್ತಾನ ಅಲ್ಲಗಳೆಯಿತು. ನಮ್ಮ ವಿಮಾನಗಳ ಬಗ್ಗೆ ಅವರು ಹೇಳುವ ಸಂಖ್ಯೆ ಬೇರೆ. ನಮಗೂ ನಷ್ಟವಾಗಿದೆ ಅಂತ ರಕ್ಷಣಾ ಪಡೆಗಳ ಮುಖ್ಯಸ್ಥರು ಒಪ್ಪಿಕೊಂಡರು, ಎಷ್ಟು ಅಂತ ಹೇಳಲಿಲ್ಲ. ಎರಡೂ ಕಡೆಯ ಮಾತನ್ನು ಬರೆದುಕೊಂಡೆ, ಕೂಡಿ ಕಳೆಯಲು ಹೋಗಲಿಲ್ಲ.

ತರಗತಿಯಲ್ಲಿ ಇದನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಕೊನೆಯ ಕಾಲಂ ಪೈಲಟ್ಟಿನದು. ಅಲ್ಲಿ ಸಂಖ್ಯೆ ಬರೆಯೋ ಬದಲು ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರು ಬರೆದೆ. 1965ರ ಸೆಪ್ಟೆಂಬರ್ 7. ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರಗೋಧಾ ವಾಯುನೆಲೆ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳಲ್ಲಿ ಅವರದು ಮೀಸಲು ವಿಮಾನ. ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಿತ್ತು. ಹೋದರು. ಎದುರಿಗೆ ಬಂದದ್ದು ಪಾಕಿಸ್ತಾನದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ಅದರ ಹತ್ತಿರಕ್ಕೂ ಬರಲ್ಲ. ಏಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದು ಅದನ್ನು ಕೆಡವಿದರು. ಸ್ಟಾರ್‌ಫೈಟರಿನ ಪೈಲಟ್ ಹೊರಗೆ ಹಾರಿಕೊಂಡು ಬದುಕಿದ, ದೇವಯ್ಯ ಮರಳಲಿಲ್ಲ. ನಡೆದದ್ದು ಏನೆಂದು ನಮಗೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಮಕ್ಕಳು ಸುಮ್ಮನೆ ಕೂತಿದ್ದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಸರ್, ತೇಜಸ್ ಎಷ್ಟು ಅಂತ ಬರೆದಿದ್ದೀರಿ?' ಅಂತ ಕೇಳಿದಳು. ನೋಟ್‌ಬುಕ್ ತೋರಿಸಿದೆ. ತೇಜಸ್ ನಮ್ಮ ದೇಶದಲ್ಲೇ ತಯಾರಾಗುವ ಯುದ್ಧವಿಮಾನ. ಅದರ ಸುಧಾರಿಸಿದ ಮಾದರಿ ಮಾರ್ಕ್-1ಎಗೆ 2021ರಲ್ಲಿ 83, 2025ರಲ್ಲಿ ಇನ್ನೂ 97 ಆರ್ಡರ್ ಆಗಿದೆ. ಎಂಜಿನ್ ಅಮೆರಿಕದಿಂದ ಬರಬೇಕು, ಅದು ತಡವಾಯಿತು. ಹಾಗಾಗಿ ಆ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ವಿಮಾನ ಸ್ಕ್ವಾಡ್ರನ್ನಿಗೆ ಬಂದ ಹಾಗೆ ಒಂದೊಂದಾಗಿ ಪೆನ್ನಿನಲ್ಲಿ ತಿದ್ದಬೇಕು.

ಈಗ ಚೀನಾದ ಹಾಳೆ ಶುರು ಮಾಡಿದ್ದೇನೆ. ಈ ಸಲ ಮೊದಲ ಕಾಲಂ ವಿಮಾನದ್ದಲ್ಲ, ರನ್‌ವೇ ಎತ್ತರದ್ದು. ಟಿಬೆಟ್ಟಿನ ನ್ಗಾರಿ ನಿಲ್ದಾಣ 14,000 ಅಡಿ ಮೇಲಿದೆ. ಅಲ್ಲಿ ಗಾಳಿ ತೆಳು. ಟ್ಯಾಂಕ್ ತುಂಬಿಸಿ, ರೆಕ್ಕೆ ತುಂಬ ಬಾಂಬು ಕಟ್ಟಿಕೊಂಡು ಮೇಲೇಳೋಕೆ ಆಗಲ್ಲ. ನಮ್ಮ ಲೇಹ್‌ನಲ್ಲೂ ಅದೇ ಕಷ್ಟ, ಆದರೆ ಬಯಲುಸೀಮೆಯ ನೆಲೆಗಳಿಂದ ನಾವು ತುಂಬು ಹೊರೆಯಲ್ಲಿ ಏಳಬಹುದು. ಅದನ್ನು ಬರೆದ ಮೇಲೇ ವಿಮಾನ ಎಣಿಸಲು ಕೂತೆ.