ವಿಮಾನಕ್ಕೆ ಜೀನ್ಸ್ ಬೇಕಾ? ನಿಂತು ನೋಡಬೇಡಿ, ಕೂತು ನೋಡಿ

ವಿಮಾನದಲ್ಲಿ ಹೋಗುವಾಗ ಜೀನ್ಸ್ ಬೇಡವೇ ಬೇಡ, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಆರಾಮಾಗಿ ಹೋಗಿ ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನಂತೂ ಆ ಗುಂಪಿನವಳಲ್ಲ. ಅರ್ಧ, ಮುಕ್ಕಾಲು ಕೇಜಿ ತೂಗುವ ಬಟ್ಟೆ ಮೈಮೇಲಿದ್ದರೆ 7 ಕೇಜಿಯ ಕ್ಯಾಬಿನ್ ಬ್ಯಾಗಿನಲ್ಲಿ ಅಷ್ಟು ಭಾರ ಉಳಿಯಿತು. ಎಸಿ ಚಳಿ ಕಾಲಿಗೆ ಹತ್ತುವುದಿಲ್ಲ. ಇಳಿದ ಕೂಡಲೇ ಆಫೀಸಿಗೋ ನೆಂಟರ ಮನೆಗೋ ಸೀದಾ ಹೋಗಬಹುದು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಮೆರಿಕದಲ್ಲಿ ವಿಮಾನ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಎ ಪ್ರಯಾಣಿಕರಿಗೆ ಕೊಡುವ ಸಲಹೆಗಳಲ್ಲಿ ಹತ್ತಿ, ಉಣ್ಣೆ, ಡೆನಿಮ್, ಚರ್ಮದಂಥ ಬಟ್ಟೆ ಹಾಕಿಕೊಳ್ಳಿ ಅಂತಲೇ ಇದೆ. ಬೆಂಕಿ ಹತ್ತಿದರೆ ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಡೆನಿಮ್ ಹಾಗೆ ಕರಗುವುದಿಲ್ಲ. ಆರಾಮಿನ ಟ್ರ್ಯಾಕ್ ಪ್ಯಾಂಟ್‌ಗಳಲ್ಲಿ ಎಷ್ಟೋ ಪಾಲು ಪಾಲಿಯೆಸ್ಟರೇ, ಅಲ್ವಾ?

ತೊಂದರೆ ಇರುವುದು ನಾವು ಜೀನ್ಸ್ ಕೊಳ್ಳುವ ರೀತಿಯಲ್ಲಿ. ಕನ್ನಡಿ ಮುಂದೆ ನಿಂತು, ಹೊಟ್ಟೆ ಒಳಗೆಳೆದುಕೊಂಡು, ಒಮ್ಮೆ ಹಿಂದೆ ತಿರುಗಿ ನೋಡಿ, ಸರಿ ಇದೆ ಅಂತ ಬಿಲ್ ಮಾಡಿಸುತ್ತೇವೆ. ವಿಮಾನದಲ್ಲಿ ನಿಲ್ಲುವುದು ಎಷ್ಟು ಹೊತ್ತು? ಟಾಯ್ಲೆಟ್ ಕ್ಯೂನಲ್ಲಿ ಐದು ನಿಮಿಷ. ಉಳಿದಿದ್ದೆಲ್ಲ ಕೂರುವುದೇ. ಹಾಗಾಗಿ ಈ ಜೀನ್ಸನ್ನು ಕೂರುವುದಕ್ಕೆ ಅಂತಲೇ ಆರಿಸಬೇಕು.

ಮೊದಲು ಗಂಟೆ ಲೆಕ್ಕ ಹಾಕಿ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವವರು ಈ ಲೇಖನ ಓದುವ ಅಗತ್ಯವೇ ಇಲ್ಲ. ಬೀರುವಿನಲ್ಲಿ ಕೈಗೆ ಸಿಕ್ಕಿದ್ದು ಹಾಕಿಕೊಂಡು ಹೊರಡಿ. ಮಂಗಳೂರಿನಿಂದ ದುಬೈ ಅಂದರೆ ಹತ್ತಿರ ಹತ್ತಿರ ನಾಲ್ಕು ಗಂಟೆ, ಅಲ್ಲಿಂದ ಯೋಚನೆ ಶುರು ಮಾಡಬೇಕು. ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನದಲ್ಲೇ ಹತ್ತು ಗಂಟೆ ದಾಟುತ್ತದೆ. ಅಮೆರಿಕಕ್ಕೆ ಮಧ್ಯೆ ವಿಮಾನ ಬದಲಿಸಿ ಹೋಗುವವರಿಗೆ ಮನೆಯಲ್ಲಿ ಹಾಕಿದ ಪ್ಯಾಂಟು ಒಂದು ಹಗಲು ಒಂದು ರಾತ್ರಿ ಮೈಮೇಲೇ ಇರುತ್ತದೆ.

ನಾಲ್ಕು ಗಂಟೆಯ ಗೆರೆ ನಾನು ಸುಮ್ನೆ ಎಳೆದಿದ್ದಲ್ಲ. ನಾಲ್ಕು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಅಲ್ಲಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಆರೋಗ್ಯವಂತರಿಗೆ ಇದು ಅಪರೂಪವೇ, ಗಾಬರಿ ಬೇಡ. ಆದರೆ ದೂರದ ಪ್ರಯಾಣಕ್ಕೆ ಸಡಿಲ ಬಟ್ಟೆ ಹಾಕಿ, ಆಗಾಗ ಎದ್ದು ಓಡಾಡಿ ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ.

ಹೊಟ್ಟೆಗೆ ಜಾಗ ಬಿಡಿ

ಇದು ಎಲ್ಲಕ್ಕಿಂತ ಮುಖ್ಯ. ವಿಮಾನದ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿರುವಷ್ಟು ಇರುವುದಿಲ್ಲ. ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟಿರುತ್ತದೋ ಅಷ್ಟು. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಅಂದರೆ ನೀವು ಆ ಗಿರಿಯ ತುದಿಯಲ್ಲೋ, ಅದಕ್ಕಿಂತ ಇನ್ನೊಂದಿಷ್ಟು ಮೇಲೋ ಹತ್ತು ಗಂಟೆ ಕೂತ ಹಾಗೆ ಲೆಕ್ಕ.

ಒತ್ತಡ ಕಮ್ಮಿಯಾದರೆ ಗಾಳಿ ಹಿಗ್ಗುತ್ತದೆ. ವಿಮಾನ ಮೇಲೇರಿದ ಮೇಲೆ ಚಿಪ್ಸ್ ಪ್ಯಾಕೆಟ್ ಉಬ್ಬಿಕೊಳ್ಳುತ್ತದಲ್ಲ, ನಿಮ್ಮ ಹೊಟ್ಟೆಯಲ್ಲೂ ಅದೇ ಕಥೆ. ಮಂಗಳೂರಿನಂಥ ಸಮುದ್ರದ ಪಕ್ಕದ ಊರಿನಿಂದ ಹತ್ತಿದರೆ ಕರುಳಿನಲ್ಲಿರುವ ಗಾಳಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಹಿಗ್ಗಬಹುದು. ಬೆಂಗಳೂರು ಆಗಲೇ 3,000 ಅಡಿ ಮೇಲಿದೆ, ಹಾಗಾಗಿ ಇಲ್ಲಿಂದ ಹೊರಟವರಿಗೆ ಒಂಚೂರು ಕಮ್ಮಿ. ಹೊರಡುವ ಮುಂಚೆ ಸೋಡಾ ಕುಡಿದಿದ್ದರೆ, ಕಡಲೆಕಾಳು ಉಸಲಿ ತಿಂದಿದ್ದರೆ ಜಾಸ್ತಿ. ಮನೆಯಲ್ಲಿ ಸರಿಯಾಗಿ ಕೂತಿದ್ದ ಜೀನ್ಸ್ ಆಕಾಶದಲ್ಲಿ ಕಚ್ಚುವುದಕ್ಕೆ ಇದೇ ಕಾರಣ.

ಆದ್ದರಿಂದ ಅಂಗಡಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಮಧ್ಯಾಹ್ನ ಊಟ ಮುಗಿಸಿ, ಸಾಧ್ಯವಾದರೆ ಬಿಸಿಬೇಳೆಬಾತ್ ತಿಂದು, ಆಮೇಲೆ ಹೋಗಿ. ಗುಂಡಿ ಹಾಕಿ ಕೂತ ಮೇಲೂ ಸೊಂಟದ ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ನಿಂತಾಗ ಹೋದರೆ ಸಾಲದು. ಲೇಬಲ್ ಮೇಲಿನ ನಂಬರನ್ನೂ ನಂಬಬೇಡಿ, ಒಂದು ಕಂಪನಿಯ 32 ಇನ್ನೊಂದರ 34 ಆಗಿರುತ್ತದೆ. ಮನೆಯಿಂದ ಟೇಪ್ ತಗೊಂಡು ಹೋಗಿ ಸೊಂಟದ ಪಟ್ಟಿಯನ್ನೇ ಅಳೆದುಬಿಡಿ.

ಇನ್ನು ಹೈ ರೈಸ್, ಮಿಡ್ ರೈಸ್, ಲೋ ರೈಸ್ ಜಗಳ, ಅಂದರೆ ಸೊಂಟದ ಪಟ್ಟಿ ಎಷ್ಟು ಮೇಲೆ ಕೂರಬೇಕು ಅನ್ನುವುದು. ಹೊಕ್ಕುಳಿನ ಮೇಲೆ ಬರುವ ಹೈ ರೈಸ್ ನಿಂತಾಗ ಚೆಂದ, ಕೂತಾಗ ಪಟ್ಟಿ ಮಡಚಿಕೊಂಡು ಹೊಟ್ಟೆಗೆ ಒತ್ತುತ್ತದೆ, ಅದರ ಮೇಲೆ ಸೀಟ್ ಬೆಲ್ಟ್ ಬೇರೆ. ಲೋ ರೈಸ್ ಹಿಂದೆ ಜಾರಿ ಸೊಂಟಕ್ಕೆ ಚಳಿ ಹೊಡೆಯುತ್ತದೆ. ಮಿಡ್ ರೈಸ್ ತಗೊಳ್ಳಿ, ಮುಗಿಯಿತು.

ಒಳಗಿನ ಚೀಟಿ ಓದಿ

ಸೊಂಟದ ಒಳಗೋ ಪಕ್ಕದ ಹೊಲಿಗೆಯಲ್ಲೋ ಬಿಳಿ ಚೀಟಿ ಇರುತ್ತದೆ. 98 ಪರ್ಸೆಂಟ್ ಹತ್ತಿ, 2 ಪರ್ಸೆಂಟ್ ಇಲಾಸ್ಟೇನ್ ಅಂತಿದ್ದರೆ ಒಳ್ಳೆಯದು. ಸ್ಪಾಂಡೆಕ್ಸ್, ಲೈಕ್ರಾ ಅಂದರೂ ಅದೇ, ಎಳೆದರೆ ಹಿಗ್ಗುವ ನೂಲು. ಪೂರ್ತಿ ಹತ್ತಿಯದ್ದು ಹಿಗ್ಗುವುದಿಲ್ಲ, ಮಂಡಿ ಮಡಚಿದರೆ ಬಿಗಿಯುತ್ತದೆ. ಹಾಗಂತ ಇಲಾಸ್ಟೇನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಹತ್ತು ಗಂಟೆ ಕೂತು ಎದ್ದಾಗ ಮಂಡಿ ಹತ್ತಿರ ಜೋಲು ಬಿದ್ದಿರುತ್ತದೆ.

ಡೆನಿಮ್ ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ, ಒಂದು ಚದರ ಗಜ ಬಟ್ಟೆ ಎಷ್ಟು ತೂಗುತ್ತದೆ ಅಂತ. ಕೂರುವವರಿಗೆ 9ರಿಂದ 11 ಔನ್ಸ್ ಸಾಕು. 14 ದಾಟಿದರೆ ಅದು ರಟ್ಟು, ಮೈಗೆ ಒಗ್ಗುವುದಕ್ಕೇ ತಿಂಗಳುಗಟ್ಟಲೆ ಬೇಕು. ಎಲ್ಲ ಅಂಗಡಿಯಲ್ಲೂ ಈ ನಂಬರ್ ಸಿಗುವುದಿಲ್ಲ. ಸಿಗದಿದ್ದರೆ ಮಂಡಿಯ ಭಾಗವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಮೆತ್ತಗೆ ಬಿಚ್ಚಿಕೊಂಡರೆ ಸರಿ.

ದುಬಾರಿ ಬ್ರ್ಯಾಂಡೇ ಆಗಬೇಕು ಅಂತೇನೂ ಇಲ್ಲ. ನಮ್ಮ ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಬೇರೆ ಬೇರೆ ರಾಜ್ಯಗಳಿಗೆ ಹೋಗುತ್ತದೆ. ಆ ಕಡೆ ಹೋದಾಗ ಎರಡು ಮೂರು ಅಂಗಡಿ ಸುತ್ತಿ, ಚೀಟಿ ಓದಿ, ಹೊಲಿಗೆ ಎಳೆದು ನೋಡಿ ತಗೊಂಡರೆ ದುಡ್ಡೂ ಉಳಿಯುತ್ತದೆ.

ಟ್ರಯಲ್ ರೂಮಿನಲ್ಲಿ ಮಾಡಬೇಕಾದ ಕಸರತ್ತು

ಒಳಗೆ ಸ್ಟೂಲ್ ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ, ನಾಚಿಕೆ ಏನಿಲ್ಲ. ಕೂತು ಫೋನ್ ತೆಗೆದು ಐದು ನಿಮಿಷ ಏನಾದರೂ ನೋಡಿ. ಆಮೇಲೆ ಗಮನಿಸಿ. ತೊಡೆಯ ಬುಡದಲ್ಲಿ ಒತ್ತುತ್ತಿದೆಯಾ? ಮಂಡಿಯ ಹಿಂದೆ ಬಟ್ಟೆ ಸುಕ್ಕುಗಟ್ಟಿ ಚುಚ್ಚುತ್ತಿದೆಯಾ? ಕೆಳಗೆ ಎರಡು ತೊಡೆಯ ನಡುವೆ ನಾಲ್ಕು ಹೊಲಿಗೆ ಬಂದು ಸೇರುವ ಜಾಗವಿದೆಯಲ್ಲ, ಅಲ್ಲಿ ಗಂಟು ದಪ್ಪಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ, ಅದು ಎಷ್ಟು ಹಾಕಿದರೂ ಸರಿಹೋಗುವುದಿಲ್ಲ. ಮುಂದಿನ ಸೀಟಿನ ಕೆಳಗಿಂದ ಬ್ಯಾಗ್ ಎಳೆಯುವ ಹಾಗೆ ಬಗ್ಗಿ. ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ. ಎದ್ದು, ಮೇಲಿನ ಗೂಡಿಗೆ ಬ್ಯಾಗ್ ಇಡುವ ಹಾಗೆ ಎರಡೂ ಕೈ ಎತ್ತಿ. ಕೊನೆಗೆ ಪೂರ್ತಿ ಕುಕ್ಕರಗಾಲಲ್ಲಿ ಕೂರಿ. ಇಷ್ಟರಲ್ಲಿ ಎಲ್ಲಾದರೂ ಉಸಿರು ಹಿಡಿದಿರಾ? ಹಾಗಾದರೆ ಒಂದು ಸೈಜ್ ಮೇಲಿನದ್ದು ಕೇಳಿ.

ಸ್ಕಿನ್ನಿ ಜೀನ್ಸ್ ಪ್ರಿಯರಿಗೆ ಒಂದು ಮಾತು. 2015ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಆಸ್ಟ್ರೇಲಿಯಾದ 35 ವರ್ಷದ ಮಹಿಳೆಯೊಬ್ಬರ ಪ್ರಕರಣ ಬಂದಿತ್ತು. ಬಿಗಿ ಜೀನ್ಸ್ ಹಾಕಿಕೊಂಡು ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಮನೆ ಸಾಮಾನು ಖಾಲಿ ಮಾಡಿದ್ದರು. ಕಾಲು ಎಷ್ಟು ಊದಿತ್ತೆಂದರೆ ಆಸ್ಪತ್ರೆಯಲ್ಲಿ ಜೀನ್ಸನ್ನು ಕತ್ತರಿಸಿ ತೆಗೆಯಬೇಕಾಯಿತು. ವಿಮಾನದಲ್ಲಿ ಯಾರೂ ಅಷ್ಟು ಹೊತ್ತು ಹಾಗೆ ಕೂರುವುದಿಲ್ಲ, ನಿಜ. ಆದರೆ ಕೂತಲ್ಲೇ ಕೂತರೆ ಪಾದ, ಮೀನಖಂಡ ಊದಿಕೊಳ್ಳುವುದು ಎಲ್ಲರಿಗೂ ಆಗುವ ಮಾತು. ಸೊಂಟ, ತೊಡೆಸಂದಿಯ ಬಳಿ ಬಟ್ಟೆ ಬಿಗಿದರೆ ತೊಡೆಯ ಹೊರಭಾಗಕ್ಕೆ ಹೋಗುವ ನರ ಒತ್ತಿಹೋಗಿ ಉರಿ, ಜೋಮು ಬರುವುದೂ ಉಂಟು.

ಹಾಗಾಗಿ ಸ್ಟ್ರೇಟ್ ಫಿಟ್ ಅಥವಾ ರಿಲ್ಯಾಕ್ಸ್ಡ್ ಫಿಟ್ ತಗೊಳ್ಳಿ. ಪರೀಕ್ಷೆ ಸುಲಭ: ಪ್ಯಾಂಟಿನ ತುದಿಯನ್ನು ಮಂಡಿಯವರೆಗೆ ಮಡಚಿ ಏರಿಸಲು ಆಗಬೇಕು. ಡಾಕ್ಟರ್ ಹೇಳಿ ಬಿಗಿ ಸ್ಟಾಕಿಂಗ್ಸ್ ಹಾಕುವವರಿಗಂತೂ ಇದು ಬೇಕೇ ಬೇಕು. ಕಣಕಾಲಿಗೆ ಎಲಾಸ್ಟಿಕ್ ಇರುವ ಜಾಗರ್ಸ್ ಜೀನ್ಸ್ ನನಗಿಷ್ಟವಿಲ್ಲ, ಕಾಲು ಊದಿದ ಮೇಲೆ ಅಲ್ಲಿ ಬಳೆಯ ಹಾಗೆ ಗುರುತು ಬೀಳುತ್ತದೆ. ತೀರಾ ಅಗಲವಾಗಿ ನೆಲ ಗುಡಿಸುವ ಬೆಲ್ ಬಾಟಮ್ ಕೂಡ ಬೇಡ. ಏಕೆಂದರೆ ರಾತ್ರಿ ಪ್ರಯಾಣದ ಮೂರನೇ ಜಾವದಲ್ಲಿ ವಿಮಾನದ ಟಾಯ್ಲೆಟ್ ನೆಲ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಅಲ್ಲಿ ಒದ್ದೆಯಾಗಿರುವುದು ಬರೀ ನೀರಲ್ಲ. ಪ್ಯಾಂಟಿನ ತುದಿ ಕಣಕಾಲಿಗೆ ನಿಲ್ಲಲಿ.

ಮುಂದೆ ಜಿಪ್ ಇರಲಿ, ನಾಲ್ಕೈದು ಗುಂಡಿ ಇರುವ ಬಟನ್ ಫ್ಲೈ ಬೇಡ. ಆ ಗೂಡಿನಂಥ ಟಾಯ್ಲೆಟ್‌ನಲ್ಲಿ ನಿಂತಾಗ ಸೀಟ್ ಬೆಲ್ಟ್ ಲೈಟ್ ಹತ್ತಿಕೊಂಡರೆ ಕಾರಣ ತಾನಾಗಿ ತಿಳಿಯುತ್ತದೆ.

ಜೇಬು, ಗುಂಡಿ, ಲೋಹ

ಹೆಂಗಸರ ಜೀನ್ಸ್ ಹೊಲಿಯುವವರಿಗೆ ಜೇಬಿನ ಮೇಲೆ ಏನು ಕೋಪವೋ ಗೊತ್ತಿಲ್ಲ. ಅರ್ಧ ಫೋನ್ ಹೊರಗೇ ಇರುತ್ತದೆ. ಕೆಲವದರಲ್ಲಿ ಬರೀ ಹೊಲಿಗೆಯ ಗೆರೆ, ಜೇಬೇ ಇಲ್ಲ. ಫೋನ್ ಒಳಗಿಟ್ಟು ಕೂತು, ಸ್ವಲ್ಪ ಹಿಂದಕ್ಕೆ ಒರಗಿ ನೋಡಿ. ಜಾರಿದರೆ ಆ ಜೀನ್ಸ್ ಬೇಡ. ಸೀಟಿನ ಸಂದಿಗೆ ಫೋನ್ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬಾರದು, ಬ್ಯಾಟರಿ ನಜ್ಜಾಗಿ ಹೊತ್ತಿಕೊಳ್ಳಬಹುದು. ಸಿಬ್ಬಂದಿಯನ್ನೇ ಕರೆಯಬೇಕು.

ಗಂಡಸರ ರೋಗ ಹಿಂದಿನ ಜೇಬಿನ ಪರ್ಸು. ಅದರ ಮೇಲೆ ಗಂಟೆಗಟ್ಟಲೆ ಕೂತರೆ ಸೊಂಟ ಓರೆಯಾಗಿ ನೋವು ಶುರು. ಹಿಂದಿನ ಜೇಬು ಚಪ್ಪಟೆಯಾಗಿರಲಿ, ಅದಕ್ಕೆ ಮುಚ್ಚಳ, ಗುಂಡಿ, ಕಸೂತಿ ಏನೂ ಬೇಡ. ಜೇಬು ಹರಿಯದಿರಲಿ ಅಂತ ಮೂಲೆಗೆ ತಾಮ್ರದ ರಿವೆಟ್, ಅಂದರೆ ಗಿಡ್ಡ ಮೊಳೆ, ಬಡಿಯುವ ಉಪಾಯಕ್ಕೆ ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ 1873ರಲ್ಲಿ ಪೇಟೆಂಟ್ ಪಡೆದಿದ್ದರು. ಹಿಂದಿನ ಜೇಬಿನ ರಿವೆಟ್‌ಗಳು ಕುರ್ಚಿ, ಕುದುರೆ ತಡಿ ಎಲ್ಲ ಗೀರುತ್ತವೆ ಅಂತ ದೂರು ಬಂದು 1937ರಲ್ಲಿ ಲೀವೈ ಸ್ಟ್ರಾಸ್ ಕಂಪನಿ ಅವನ್ನು ಬಟ್ಟೆಯೊಳಗೆ ಮುಚ್ಚಿತು. ಕುರ್ಚಿಗೇ ಗೀರು ಬೀಳುತ್ತಿತ್ತು ಅಂದರೆ ಅದರ ಮೇಲೆ ಕೂರುವವರ ಪಾಡು ಕೇಳಬೇಕೇ?

ಸೆಕ್ಯುರಿಟಿಯಲ್ಲಿ ಜೀನ್ಸ್ ಗುಂಡಿಗೆ ಕೈಯಂತ್ರ ಕುಂಯ್ ಅನ್ನುತ್ತದೆ, ಅವರಿಗೂ ಅದು ಮಾಮೂಲು. ತಡವಾಗುವುದು ಸರಪಳಿ, ಲೋಹದ ಚುಕ್ಕಿ, ದೊಡ್ಡ ಬಕಲ್ ಇರುವವರಿಗೆ. ಬೆಲ್ಟ್ ಇಲ್ಲದೆ ಸೊಂಟದಲ್ಲಿ ನಿಲ್ಲುವ ಜೀನ್ಸ್ ತಗೊಂಡರೆ ಬೆಲ್ಟ್ ಬಿಚ್ಚಿ ಟ್ರೇಗೆ ಹಾಕಿ, ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡು ನಿಲ್ಲುವ ಪ್ರಸಂಗವೇ ಬರುವುದಿಲ್ಲ.

ಬಣ್ಣ ಮತ್ತು ಒಗೆತ

ಕಡುನೀಲಿ ಅಥವಾ ಕಪ್ಪು ಒಳ್ಳೆಯದು, ಕಾಫಿ ಚೆಲ್ಲಿದರೂ ಎದ್ದು ಕಾಣುವುದಿಲ್ಲ. ಆದರೆ ಹೊಚ್ಚ ಹೊಸದನ್ನು ಹಾಕಿಕೊಂಡು ಹತ್ತಬೇಡಿ. ಇಂಡಿಗೋ ಬಣ್ಣ ನೂಲಿನ ಒಳಗಿನವರೆಗೆ ಇಳಿಯುವುದಿಲ್ಲ, ಮೇಲ್ಪದರದಲ್ಲೇ ಕೂತಿರುತ್ತದೆ, ಉಜ್ಜಿದರೆ ಬಿಡುತ್ತದೆ. ಬಿಳಿ ಕುರ್ತಾ, ತಿಳಿಬಣ್ಣದ ಬ್ಯಾಗು ಎಲ್ಲ ನೀಲಿ. ಒಳಮಗ್ಗಲು ಹೊರಗೆ ಮಾಡಿ ತಣ್ಣೀರಲ್ಲಿ ಎರಡು ಮೂರು ಸಲ ಬೇರೆಯಾಗಿ ಒಗೆದು, ಒಂದು ವಾರ ಊರಲ್ಲೇ ಹಾಕಿ ಓಡಾಡಿ.

ಒಗೆದ ಮೇಲೆ ಉದ್ದ ಸರಿ ಮಾಡಿಸಿ. ಮೊದಲೇ ಮಾಡಿಸಿದರೆ ಬಟ್ಟೆ ಕುಗ್ಗಿ ಗಿಡ್ಡವಾದೀತು. ಆಲ್ಟರೇಷನ್ ಅಂಗಡಿಯವರಿಗೆ ಹೇಳಿ ಮುಂದಿನ ಜೇಬಿನೊಳಗೆ ಒಂದು ಸಣ್ಣ ಜಿಪ್ ಹಾಕಿಸಿಕೊಂಡರೆ ಕಾರ್ಡು, ನೋಟು ಅಲ್ಲಿರುತ್ತದೆ, ಜನಜಂಗುಳಿಯಲ್ಲಿ ಚಿಂತೆ ಇಲ್ಲ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಪ್ಪಂದಿರಿಗೆ ಮಕ್ಕಳು ಹೊಸ ಜೀನ್ಸ್ ಕೊಡಿಸುವ ಪದ್ಧತಿ ಇದೆ. ಜನ್ಮದಲ್ಲಿ ಜೀನ್ಸ್ ಹಾಕದವರಿಗೆ ಅಷ್ಟು ದೂರದ ಪ್ರಯಾಣದಲ್ಲೇ ಶುರು ಮಾಡಿಸಬೇಡಿ. ಅವರ ಹಳೆಯ ಹತ್ತಿ ಪ್ಯಾಂಟೇ ಅವರಿಗೆ ಸುಖ. ಹಾಕಲೇಬೇಕು ಅಂತ ಆಸೆ ಪಟ್ಟರೆ ಹಿಂದೆ ಎಲಾಸ್ಟಿಕ್ ಇರುವ ಸೊಂಟಪಟ್ಟಿಯದ್ದು ಕೊಡಿಸಿ.

ಹತ್ತಿದ ಮೇಲೆ

ಜೀನ್ಸ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಅದಕ್ಕೇ ಕ್ಯಾಬಿನ್ ಬ್ಯಾಗಿನಲ್ಲಿ ಒಂದು ತೆಳು ಪೈಜಾಮ ಇಟ್ಟುಕೊಳ್ಳಿ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಎಷ್ಟು ಸಡಿಲ ಪ್ಯಾಂಟಿದ್ದರೂ ಇದಕ್ಕೆ ವಿನಾಯಿತಿ ಇಲ್ಲ. ಹೊಟ್ಟೆ ಉಬ್ಬಿದರೆ ಮೇಲಿನ ಗುಂಡಿ ಬಿಚ್ಚಿ ಜಿಪ್ ಮಾತ್ರ ಇರಲಿ, ಉದ್ದನೆಯ ಟೀ ಶರ್ಟೋ ಕುರ್ತಾವೋ ಮೇಲಿದ್ದರೆ ಯಾರಿಗೂ ಕಾಣುವುದಿಲ್ಲ. ಇಳಿಯುವ ಮುಂಚೆ ನೆನಪಿಟ್ಟು ಹಾಕಿಕೊಳ್ಳಿ, ಏಕೆಂದರೆ ಮೇಲಿನ ಗೂಡಿನಿಂದ ಬ್ಯಾಗ್ ಇಳಿಸಲು ಎರಡೂ ಕೈ ಎತ್ತುವಾಗ ಪ್ಯಾಂಟ್ ಹಿಡಿಯಲು ಮೂರನೇ ಕೈ ಇರುವುದಿಲ್ಲ.