ಚೀನಾದ ಹದೀಸ್ ಹಿಡಿದು ಕೂತಾಗ

‘ವಿದ್ಯೆ ಕಲಿಯಲು ಚೀನಾಕ್ಕಾದರೂ ಹೋಗಿ.’ ಇದನ್ನು ಹದೀಸ್, ಅಂದರೆ ಪ್ರವಾದಿ ಮುಹಮ್ಮದರ(ಸ) ಮಾತು, ಅಂತ ನಾನೇ ಎಷ್ಟೋ ಸಲ ಭಾಷಣದಲ್ಲಿ ಹೇಳಿದ್ದೆ. ಹದೀಸ್ ಪರಿಶೀಲನೆ ಕಲಿಯಲು ಶುರು ಮಾಡಿದಾಗ ಮೊದಲು ಕೈಗೆತ್ತಿಕೊಂಡದ್ದೂ ಇದನ್ನೇ. ಇಷ್ಟು ಒಳ್ಳೆಯ ಮಾತು, ಸುಲಭವಾಗಿ ಪಾಸಾಗುತ್ತೆ ಅಂದುಕೊಂಡಿದ್ದೆ.

ಮೊದಲು ಸನದ್ ಬರೆದುಕೊಂಡೆ. ಯಾರಿಂದ ಯಾರು ಕೇಳಿದರು ಎಂಬ ಹೆಸರುಗಳ ಸರಪಳಿ ಅದು. ಮೇಲೆ ಪ್ರವಾದಿಯವರು(ಸ), ಕೆಳಗೆ ಅನಸ್ ಬಿನ್ ಮಾಲಿಕ್(ರ). ಅವರು ಸಹಾಬಿ, ಅಂದರೆ ಪ್ರವಾದಿಯವರ ಒಡನಾಡಿ; ಅಲ್ಲಿ ತಕರಾರಿಲ್ಲ. ಅವರ ಕೆಳಗೆ ಅಬೂ ಆತಿಕಾ.

ಪ್ರತಿ ಹೆಸರಿಗೂ ಅದೇ ಪ್ರಶ್ನೆಗಳು. ನಂಬಿಕಸ್ಥನಾ? ಕೇಳಿದ್ದನ್ನು ತಪ್ಪಿಲ್ಲದೆ ನೆನಪಿಟ್ಟಿದ್ದನಾ? ಮೇಲಿನವರಿಂದ ನಿಜಕ್ಕೂ ಕೇಳಿದ್ದನಾ? ಉತ್ತರ ರಿಜಾಲ್ ಗ್ರಂಥಗಳಲ್ಲಿ, ಅಂದರೆ ಹದೀಸ್ ಹೇಳಿದವರ ಪರಿಚಯದ ಪುಸ್ತಕಗಳಲ್ಲಿರುತ್ತೆ. ಅಬೂ ಆತಿಕಾ ಬಗ್ಗೆ ಹದೀಸ್ ಸಂಗ್ರಹಕಾರ ಇಮಾಮ್ ಬುಖಾರಿ ಎರಡೇ ಪದ ಹೇಳಿದ್ದಾರೆ: ‘ಮುನ್ಕರುಲ್ ಹದೀಸ್’, ಅಂದರೆ ಒಪ್ಪಲಾಗದ ಹದೀಸ್ ಹೇಳುವವನು. ನನಗೆ ಅದು ಮೆತ್ತಗಿನ ಟೀಕೆ ಅನಿಸಿತ್ತು. ಆಮೇಲೆ ಗೊತ್ತಾಯಿತು, ಬುಖಾರಿ ಮಾತು ಅಳೆದು ಆಡುವವರು; ಅವರ ಬಾಯಲ್ಲಿ ಇದು ‘ಈತನಿಂದ ಹದೀಸ್ ತಗೊಳ್ಳಲೇಬೇಡಿ’ ಅಂದಂತೆ. ವಿದ್ವಾಂಸ ಇಬ್ನುಲ್ ಜೌಝಿ (ಮರಣ 1201) ಈ ಚೀನಾದ ಮಾತನ್ನು ಕಟ್ಟುಕಥೆ ಹದೀಸ್‌ಗಳ ಸಂಗ್ರಹದಲ್ಲೇ ಸೇರಿಸಿದ್ದಾರೆ. ಬೇರೆ ಸರಪಳಿಯಾದರೂ ಇದೆಯಾ ಅಂತ ಹುಡುಕಿದೆ. ಸಿಕ್ಕಿದ್ದು ಇದಕ್ಕಿಂತ ಕಡೆ. ಅದರಲ್ಲಿದ್ದ ಒಬ್ಬನ ಹೆಸರಿನ ಮುಂದೆ ‘ಸುಳ್ಳುಗಾರ’ ಅಂತಲೇ ಇತ್ತು.

ಹಾಗಾದರೆ ಹದೀಸ್ ಗಟ್ಟಿಯಾಗಲು ಸರಪಳಿಗಳು ಜಾಸ್ತಿ ಇರಲೇಬೇಕಾ? ಬುಖಾರಿ ಸಂಗ್ರಹದ ಮೊದಲ ಹದೀಸ್, ‘ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ’, ನೋಡಿ. ಉಮರ್(ರ), ಅಲ್ಕಮಾ, ಮುಹಮ್ಮದ್ ಬಿನ್ ಇಬ್ರಾಹೀಮ್, ಯಹ್ಯಾ ಬಿನ್ ಸಯೀದ್: ಅಲ್ಲಿಯವರೆಗೆ ಒಂದೇ ಎಳೆ. ಯಹ್ಯಾ ನಂತರವೇ ಅದು ನೂರಾರು ಬಾಯಿಗೆ ಹರಡಿದ್ದು. ಆದರೂ ಅದು ಸಹೀಹ್ (ಪ್ರಾಮಾಣಿಕ), ಯಾಕೆಂದರೆ ಆ ಎಳೆಯಲ್ಲಿ ಸಡಿಲ ಗಂಟಿಲ್ಲ. ತಲೆ ಎಣಿಸುವುದನ್ನು ಅವತ್ತೇ ಬಿಟ್ಟೆ.

ನಾನು ಈಗಲೂ ಎಡವುವುದು ಒಂದು ಪುಟ್ಟ ಪದದಲ್ಲಿ. ‘ಹದ್ದಸನಾ’ ಅಂದರೆ ‘ನಮಗೆ ಹೇಳಿದರು’, ನೇರವಾಗಿ ಕೇಳಿದ್ದು. ‘ಅನ್’ ಅಂದರೆ ಬರೀ ‘ಇಂಥವರಿಂದ’. ಮಧ್ಯದವನ ಹೆಸರು ನುಂಗುವ ಅಭ್ಯಾಸ, ಅಂದರೆ ತದ್ಲೀಸ್, ಇರುವವನು ‘ಅನ್’ ಅಂದರೆ ಅಲ್ಲೇ ನಿಲ್ಲಬೇಕು. ಒಮ್ಮೆ ಎಲ್ಲ ಹೆಸರೂ ಗಟ್ಟಿ ಇವೆ ಅಂತ ಖುಷಿಯಲ್ಲಿ ‘ಸಹೀಹ್’ ಅಂತ ಬರೆದು ಗುರುಗಳಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ. ‘ಅನ್’ ಮೇಲೆ ಪೆನ್ಸಿಲಿನಿಂದ ಸುತ್ತು ಹಾಕಿ ಹಾಳೆ ವಾಪಸ್ ಕೊಟ್ಟರು.