ಮೊದಲು ಉತ್ತರ, ಆಮೇಲೆ ವಿವರ

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಅಂತ ಜರ್ಮನಿಯ ಆಖೆನ್‌ಗೆ ಬಂದಾಗ ಪ್ರೊಫೆಸರ್ ಆಗಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಲಿಥಿಯಂ ಬ್ಯಾಟರಿ ದಿನ ಕಳೆದಂತೆ ಯಾಕೆ ಸೊರಗುತ್ತದೆ ಅನ್ನುವುದು ನನ್ನ ವಿಷಯ. ಪಿಎಚ್.ಡಿ. ಆಯ್ತು, ಅದರ ನಂತರದ ಸಂಶೋಧನಾ ಕೆಲಸವಾದ ಪೋಸ್ಟ್‌ಡಾಕ್ ಕೂಡ ಎರಡು ವರ್ಷ ಆಯ್ತು. ಕೆಲಸ ತುಂಬಾ ಇಷ್ಟವಿತ್ತು. ಆದರೆ ಕೈಯಲ್ಲಿದ್ದದ್ದು ಒಂದೊಂದೇ ವರ್ಷದ ಕರಾರು.

ಇಲ್ಲಿ 2007ರ ಒಂದು ಕಾನೂನಿದೆ. ಯೂನಿವರ್ಸಿಟಿಯಲ್ಲಿ ಇಂಥ ಕರಾರಿನ ಮೇಲೆ ಪಿಎಚ್.ಡಿ.ಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ ದುಡಿಯಬಹುದು. ಅಷ್ಟರಲ್ಲಿ ಕಾಯಂ ಹುದ್ದೆ ಸಿಗದಿದ್ದರೆ ಯಾವುದಾದರೂ ಪ್ರಾಜೆಕ್ಟಿನ ದುಡ್ಡು ನಂಬಿಕೊಂಡಿರಬೇಕು. 2021ರಲ್ಲಿ ಸಾವಿರಾರು ಸಂಶೋಧಕರು ‘ಇಶ್ ಬಿನ್ ಹಾನ್ನಾ’, ಅಂದರೆ ‘ನಾನು ಹಾನ್ನಾ’ (ಹಾನ್ನಾ ಅಂದರೆ ಈ ಕಾನೂನನ್ನು ವಿವರಿಸಲು ಸರ್ಕಾರ ಮಾಡಿದ್ದ ವಿಡಿಯೋದ ಕಾಲ್ಪನಿಕ ಸಂಶೋಧಕಿ) ಅಂತ ಟ್ವಿಟರ್‌ನಲ್ಲಿ ತಮ್ಮ ಕಥೆ ಹೇಳಿಕೊಂಡರು. ಅವನ್ನು ಓದುತ್ತಾ ಓದುತ್ತಾ ನನಗೆ ಉಳಿದ ವರ್ಷಗಳನ್ನು ಎಣಿಸಿದೆ.

ನಮ್ಮ ಲ್ಯಾಬಿನಲ್ಲಿದ್ದ ಗೆಳತಿಯೊಬ್ಬಳು ಆಗಲೇ ಡ್ಯೂಸೆಲ್‌ಡಾರ್ಫ್‌ನಲ್ಲಿ ಕನ್ಸಲ್ಟಿಂಗ್, ಅಂದರೆ ಬೇರೆ ಕಂಪನಿಗಳ ಸಮಸ್ಯೆ ಬಿಡಿಸಿ ಸಲಹೆ ಕೊಡುವ ಕೆಲಸ ಸೇರಿದ್ದಳು. ಜರ್ಮನಿಯ ಕನ್ಸಲ್ಟಿಂಗ್ ಕಂಪನಿಗಳು ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದ ಡಾಕ್ಟರೇಟ್‌ನವರನ್ನು ಸಂತೋಷದಿಂದ ತೆಗೆದುಕೊಳ್ಳುತ್ತವೆ, ಎಂ.ಬಿ.ಎ. ಇರಲೇಬೇಕೆಂದಿಲ್ಲ ಅಂತ ತಿಳಿದದ್ದು ಅವಳಿಂದ.

ಮೊದಲ ಇಂಟರ್‌ವ್ಯೂನಲ್ಲಿ ಬಂದ ಪ್ರಶ್ನೆ: ಜರ್ಮನಿಯಲ್ಲಿ ವರ್ಷಕ್ಕೆ ಎಷ್ಟು ಕಾರ್ ಟೈರ್ ಮಾರಾಟವಾಗುತ್ತವೆ? ನಾನು ರಸ್ತೆ, ಹವಾಮಾನ, ಗಾಡಿಯ ತೂಕ ಎಲ್ಲ ಹೇಳಿದೆ. ಚಳಿಗಾಲದ ಟೈರ್ ಬೇರೆ ಇರುವುದರಿಂದ ಲೆಕ್ಕ ಎರಡರಷ್ಟಾಗಬಹುದು, ಆದರೆ ಮಾಹಿತಿ ಸಾಲದು ಅಂದೆ. ಇಪ್ಪತ್ತು ನಿಮಿಷ ಕಳೆದರೂ ಒಂದು ಸಂಖ್ಯೆ ಹೇಳಲಿಲ್ಲ. ಆಯ್ಕೆ ಆಗಲಿಲ್ಲ.

ಆ ರಾತ್ರಿ ಅಡುಗೆಮನೆಯಲ್ಲಿ ಕೂತು ಅದೇ ಲೆಕ್ಕ ಮತ್ತೆ ಹಾಕಿದೆ. 8 ಕೋಟಿ ಜನ. ಹತ್ತು ಜನಕ್ಕೆ ಆರು ಕಾರು ಅಂದರೆ 4.8 ಕೋಟಿ ಕಾರು. ವರ್ಷಕ್ಕೆ ಸುಮಾರು 12,500 ಕಿ.ಮೀ. ಓಡುತ್ತವೆ. ಟೈರ್ 50,000 ಕಿ.ಮೀ. ಬಾಳಿಕೆ ಬಂದರೆ ನಾಲ್ಕು ವರ್ಷಕ್ಕೆ ನಾಲ್ಕು ಟೈರ್, ಅಂದರೆ ಕಾರಿಗೆ ವರ್ಷಕ್ಕೊಂದು. ಹೆಚ್ಚುಕಮ್ಮಿ 5 ಕೋಟಿ. ಚಳಿಗಾಲದ ಟೈರ್ ಇದ್ದರೂ ಲೆಕ್ಕ ಎರಡರಷ್ಟಾಗುವುದಿಲ್ಲ. ಒಂದು ಸೆಟ್ ಓಡುವಾಗ ಇನ್ನೊಂದು ಮೂಲೆಯಲ್ಲಿ ಕೂತಿರುತ್ತದೆ, ಅಲ್ವಾ? ಸವೆಯುವುದು ಓಡಿದಷ್ಟೇ. ಇದಕ್ಕೆ ಬೇಕಾದದ್ದೆಲ್ಲ ನನಗೆ ಮೊದಲೇ ಗೊತ್ತಿತ್ತು. ಪೂರ್ತಿ ಖಾತ್ರಿಯಾಗದೆ ಬಾಯಿ ಬಿಡಬಾರದು ಅನ್ನುವ ಲ್ಯಾಬಿನ ಅಭ್ಯಾಸ ಅಡ್ಡ ಬಂದಿತ್ತು.

ಮುಂದಿನ ನಾಲ್ಕು ತಿಂಗಳು ಪ್ರತಿ ಶನಿವಾರ ಇಬ್ಬರು ಗೆಳೆಯರ ಜೊತೆ ಕೂತು ಇಂಥ ಕೇಸ್‌ಗಳನ್ನು ಬಿಡಿಸಿದೆ. ಒಬ್ಬರೇ ಪುಸ್ತಕ ಹಿಡಿದು ಓದಿದರೆ ಉಪಯೋಗ ಕಡಿಮೆ. ಎದುರಿಗೆ ಒಬ್ಬರು ಕೂತು ‘ಸರಿ, ಕೊನೆಗೆ ಏನು ಮಾಡೋಣ?’ ಅಂತ ಕೇಳಬೇಕು. ಭಾಷೆಯದೂ ಒಂದು ಪಾಡು. ಜರ್ಮನ್‌ನಲ್ಲಿ ಸಿ1 ಅನ್ನುವ ಮೇಲಿನ ಹಂತ ಮುಗಿಸಿದ್ದೆ. ಆದರೂ ನಾವು ನಲವತ್ತೇಳು ಅನ್ನುವುದನ್ನು ಅವರು ‘ಏಳು ಮತ್ತು ನಲವತ್ತು’ ಅನ್ನುತ್ತಾರೆ. ಅವಸರದಲ್ಲಿ 74 ಅಂತ ಬರೆದುಕೊಂಡು ಇಡೀ ಲೆಕ್ಕ ಕೆಡಿಸಿಕೊಂಡದ್ದಿದೆ. ಕೊನೆಗೆ ಪ್ರತಿ ಸಂಖ್ಯೆಯನ್ನೂ ಬರೆದು, ಅವರಿಗೆ ತೋರಿಸಿ, ಆಮೇಲೆ ಮುಂದುವರಿಯುವುದನ್ನು ರೂಢಿಸಿಕೊಂಡೆ.

ನನ್ನ ಸಂಶೋಧನೆಯನ್ನು ಎರಡು ನಿಮಿಷದಲ್ಲಿ ಹೇಳುವುದನ್ನು ಫೋನಿನಲ್ಲಿ ಅವ್ವನ ಮುಂದೆ ಕಲಿತೆ. ಪೂರ್ತಿ ಕೇಳಿ ಅವ್ವ ಅಂದಳು, ‘ಅದೆಲ್ಲಾ ಖರೇ. ಕಡೀಗೆ ಆ ಬ್ಯಾಟ್ರಿ ಎಷ್ಟು ವರ್ಷ ಬರತೈತಿ?’ ಮುಂದಿನ ಇಂಟರ್‌ವ್ಯೂನಲ್ಲಿ ಅವ್ವನ ಪ್ರಶ್ನೆಗೆ ಉತ್ತರ ಹೇಳಿಯೇ ಮಾತು ಶುರು ಮಾಡಿದೆ. ಏಳು ಪುಟದ ಬಯೋಡೇಟಾ ಒಂದು ಪುಟಕ್ಕೆ ಇಳಿಯಿತು. ಪೇಪರ್‌ಗಳೆಲ್ಲ ಸೇರಿ ಒಂದೇ ಸಾಲು. ಅದನ್ನು ಅಳಿಸುವಾಗ ಹೊಟ್ಟೆಯಲ್ಲಿ ಸಂಕಟವಾಯಿತು, ನಿಜ.

ಮೂರನೇ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಓದಿದ ವಿದೇಶಿಯರಿಗೆ ಇಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿಯಾದ ಬ್ಲೂ ಕಾರ್ಡ್‌ನ ಕಾಗದಪತ್ರ ಕಷ್ಟವಾಗಲಿಲ್ಲ, ಅಪಾಯಿಂಟ್‌ಮೆಂಟಿಗೆ ಕಾಯುವುದೇ ಜಾಸ್ತಿ. ರಾಜೀನಾಮೆಗೆ ಮುಂಚೆ ನಿಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ ದಿನಾಂಕ ಹಿಡಿದುಕೊಳ್ಳಿ.

ಮೊದಲ ಪ್ರಾಜೆಕ್ಟ್ ಬಿಡಿಭಾಗ ಮಾಡುವ ಕಾರ್ಖಾನೆಯದು. ಗೋದಾಮಿನಲ್ಲಿ ಸರಕು ಯಾಕೆ ಇಷ್ಟು ಉಳಿಯುತ್ತದೆ ಅನ್ನುವುದು ಪ್ರಶ್ನೆ. ಮೊದಲ ವಾರ ನಾನು ಮಾಡಿದ ಸ್ಲೈಡ್‌ಗಳ ಮೇಲೆ ‘ದಾಸ್ತಾನಿನ ವಿಶ್ಲೇಷಣೆ’ ಅಂತ ಬರೆದಿದ್ದೆ. ಮ್ಯಾನೇಜರ್ ಎಲ್ಲ ತಲೆಬರಹ ಅಳಿಸಿ, ಒಂದೊಂದರ ಮೇಲೂ ಒಂದು ಪೂರ್ತಿ ವಾಕ್ಯ ಬರೆಸಿದರು: ಯಾವ ಭಾಗ ಜಾಸ್ತಿ ಉಳಿದಿದೆ, ಏನು ಮಾಡಬೇಕು. ತಲೆಬರಹಗಳನ್ನಷ್ಟೇ ಓದಿದರೂ ವಿಷಯ ತಿಳಿಯಬೇಕು.

ಲ್ಯಾಬು ಕೈಹಿಡಿದದ್ದೂ ಅದೇ ಪ್ರಾಜೆಕ್ಟಿನಲ್ಲಿ. ಲೆಕ್ಕಕ್ಕೆ ಮುಂಚೆ ಕಚ್ಚಾ ಅಂಕಿಗಳನ್ನು ಸುಮ್ನೆ ಒಂದು ಗ್ರಾಫ್ ಹಾಕಿ ನೋಡುವುದು ನನ್ನ ಹಳೆಯ ರೂಢಿ. ಹಾಕಿದರೆ ಒಂದಷ್ಟು ಚುಕ್ಕೆಗಳು ಬೇರೆಯೇ ಗುಂಪಾಗಿ ನಿಂತಿದ್ದವು. ವಿಚಾರಿಸಿದಾಗ ತಿಳಿಯಿತು, ಒಂದು ಗೋದಾಮಿನವರು ಬಿಡಿ ಭಾಗ ಎಣಿಸಿದ್ದರೆ ಇನ್ನೊಂದರವರು ಪೆಟ್ಟಿಗೆ ಎಣಿಸಿದ್ದರು. ಅದು ಸಿಗದಿದ್ದರೆ ತಪ್ಪು ಗೋದಾಮು ಮುಚ್ಚಲು ಸಲಹೆ ಕೊಡುತ್ತಿದ್ದೆವು. ಅಲ್ಲಿ ಕೆಲಸ ಮಾಡುತ್ತಿದ್ದವರ ಮುಖ ನಾನು ನೋಡಿದ್ದೆ. ಈಗಲೂ ಎಷ್ಟೇ ಗಡಿಬಿಡಿ ಇದ್ದರೂ ಆ ಗ್ರಾಫ್ ಬಿಡುವುದಿಲ್ಲ.

ಸೋಮವಾರ ಬೆಳಗಿನ ಐದರ ರೈಲು, ಗುರುವಾರ ರಾತ್ರಿ ವಾಪಸ್. ಸಣ್ಣ ಮಕ್ಕಳಿರುವವರು ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಬೇಕು. ಅರ್ಧಕ್ಕೆ ನಿಂತ ನನ್ನ ಕೊನೆಯ ಪೇಪರ್ ಹಾಗೇ ಇದೆ, ಅದರ ನೋವಿದೆ. ಶುಕ್ರವಾರ ಸಂಜೆ ಆಖೆನ್‌ನ ಇಬ್ಬರು ಪೋಸ್ಟ್‌ಡಾಕ್‌ಗಳು ಅಭ್ಯಾಸಕ್ಕೆ ಬರುತ್ತಾರೆ. ಅವರಿಗೆ ನಾನು ಮೊದಲು ಕೊಡುವುದು ಟೈರಿನ ಲೆಕ್ಕವನ್ನೇ.